ವಾಹನ ಪ್ರಶ್ನೋತ್ತರ: ಹಳೆಯ ಬ್ಲಾಕಿನಲ್ಲಿ ಉಳಿದಿರುವ ಲೋಹವೆಷ್ಟು?

ಬಳಸಿದ ಎಂಜಿನ್ ಬ್ಲಾಕಿನ (ಸಿಲಿಂಡರುಗಳಿರುವ ಎರಕದ ಒಡಲಿನ) ಆಯ್ಕೆಯ ಬಗ್ಗೆ ಬಂದಿರುವ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಮೊದಲನೆಯ ಪ್ರಶ್ನೆಗೆ ಉತ್ತರ ದೀರ್ಘವಾಗಿದೆ. ಉಳಿದವರ ಸಂದೇಹಗಳಲ್ಲಿ ಅರ್ಧದಷ್ಟು ಅದರಲ್ಲೇ ಬಗೆಹರಿಯುತ್ತವೆ.

ಪ್ರಶ್ನೆ: ನಾಲ್ಕು ಸಿಲಿಂಡರಿನ, 86 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ) ಮತ್ತು 86 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಇರುವ ಬೀಡು ಕಬ್ಬಿಣದ ಎಂಜಿನ್ನಿಗೆ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಅಳವಡಿಸಿ, ಹೆಚ್ಚಿನ ಶಕ್ತಿಗಾಗಿ ಹೊಸದಾಗಿ ಕಟ್ಟಬೇಕೆಂದಿದ್ದೇನೆ. ಮೂರು ಕಡೆ ಬ್ಲಾಕ್ ಸಿಗುತ್ತಿದೆ. ಮೊದಲನೆಯದು ತೊಳೆದು ಬಣ್ಣ ಬಳಿದಿಟ್ಟ ಬರಿಯ ಬ್ಲಾಕ್. ಒಮ್ಮೆ ರೀಬೋರ್ ಆಗಿ ಬೋರ್ 87 ಮಿ.ಮೀ. ಆಗಿದೆ, ಒಳಗೋಡೆ ಕನ್ನಡಿಯಂತಿದೆ. ಎರಡನೆಯದು ಇನ್ನೂ ವಾಹನದಲ್ಲೇ ಇರುವ ಇಡೀ ಎಂಜಿನ್. ನೀಲಿ ಹೊಗೆ ಬಿಡುತ್ತದೆ, ಆದರೆ ಒಮ್ಮೆಯೂ ಬಿಚ್ಚಿಲ್ಲವಂತೆ. ಮೂರನೆಯದು ಬೇರಿಂಗ್ ತನ್ನ ಗೂಡಿನೊಳಗೇ ತಿರುಗಿ ನಿಂತುಹೋದ ಎಂಜಿನ್ನಿನ ಬ್ಲಾಕ್. ಮೂರರಲ್ಲಿ ಇದೇ ಅಗ್ಗ. ಯಾವುದನ್ನು ಕೊಳ್ಳಲಿ?

ಉತ್ತರ: ಹೊಗೆ ಬಿಡುವ ಎರಡನೆಯದನ್ನು ಮೊದಲು ಪರೀಕ್ಷಿಸಿ. ಓಡಿಸಲೆಂದು ವಾಹನ ಕೊಳ್ಳುವವರನ್ನು ಹೆದರಿಸುವ ಲಕ್ಷಣಗಳೇ ಬೇರೆ, ಎಂಜಿನ್ನನ್ನು ಬಿಚ್ಚಿ ಹೊಸದಾಗಿ ಕಟ್ಟುವವರು ಹೆದರಬೇಕಾದ ಲಕ್ಷಣಗಳೇ ಬೇರೆ. ನೀಲಿ ಹೊಗೆ ಎಂದರೆ ಸಾಮಾನ್ಯವಾಗಿ ಸವೆದ ರಿಂಗ್, ಸವೆದ ಬೋರ್, ಇಲ್ಲವೇ ಗಟ್ಟಿಯಾಗಿಹೋದ ವಾಲ್ವ್ ಸೀಲ್. ರಿಂಗ್ ಮತ್ತು ಪಿಸ್ಟನ್‌ಗಳನ್ನು ನೀವು ಹೇಗೂ ಎಸೆಯುವವರು, ಬೋರನ್ನು ಹೇಗೂ ಕೊರೆಸುವವರು. ಆದ್ದರಿಂದ ಆ ಹೊಗೆ ನಿಮಗೆ ನಷ್ಟವಲ್ಲ; ಬೆಲೆ ಇಳಿಸಲು ಸಿಕ್ಕ ನೆಪ. ಕನ್ನಡಿಯಂತೆ ಹೊಳೆಯುವ 87 ಮಿ.ಮೀ. ಬೋರಿನಿಂದ ಮಾತ್ರ ಅರ್ಧ ಮಿ.ಮೀ. ಗೋಡೆ ಆಗಲೇ ಹೋಗಿದೆ, ಅದು ಮರಳಿ ಬರುವುದಿಲ್ಲ.

ಬೋರ್ 86ರಿಂದ 87 ಮಿ.ಮೀ. ಆದಾಗ ಎಂಜಿನ್ನಿನ ಗಾತ್ರ 1998 ಸಿ.ಸಿ.ಯಿಂದ ಸುಮಾರು 2045 ಸಿ.ಸಿ.ಗೆ ಏರುತ್ತದೆ, ಅಂದರೆ ಲಾಭ ಶೇಕಡ 2.3 ಮಾತ್ರ. ಟರ್ಬೊ ಒತ್ತಡವನ್ನು ವಾತಾವರಣಕ್ಕಿಂತ 1 ಬಾರ್ ಹೆಚ್ಚಿಗೆ ಇಟ್ಟಿರುವ ಎಂಜಿನ್ನಿನಲ್ಲಿ ಅದನ್ನು ಇನ್ನೂ 0.1 ಬಾರ್ ಏರಿಸಿದರೆ ಅದರ ಎರಡರಷ್ಟು ಹೆಚ್ಚು ಗಾಳಿ ಒಳಹೋಗುತ್ತದೆ. ಹೀಗಿರುವಾಗ ಟರ್ಬೊ ಎಂಜಿನ್ನಿನಲ್ಲಿ ಗಾತ್ರಕ್ಕಾಗಿ ಗೋಡೆಯನ್ನು ತೆಳುವಾಗಿಸುವುದು ಚಿಲ್ಲರೆಗಾಗಿ ಗಂಟನ್ನೇ ಕಳೆದುಕೊಂಡಂತೆ. ಸವೆತ ಹೋಗಿ ಗೋಡೆ ನೇರವಾಗುವಷ್ಟು ಮಾತ್ರ ಕೊರೆಯಬೇಕು, ಅದಕ್ಕಿಂತ ಒಂದು ಅಳತೆಯೂ ಹೆಚ್ಚು ಬೇಡ.

ಗೋಡೆಗೆ ಇಷ್ಟು ಮಹತ್ವ ಏಕೆಂದು ಒಂದು ಲೆಕ್ಕದಿಂದ ತಿಳಿಯುತ್ತದೆ. ಟರ್ಬೊ ಎಂಜಿನ್ನಿನ ಸಿಲಿಂಡರಿನಲ್ಲಿ ದಹನದ ಗರಿಷ್ಠ ಒತ್ತಡ 100 ಬಾರ್ ತಲುಪುವುದು ಅಪರೂಪವಲ್ಲ. 86 ಮಿ.ಮೀ. ವ್ಯಾಸದ ಪಿಸ್ಟನ್ನಿನ ಮೇಲೆ ಅದು ಸುಮಾರು 58 ಕಿಲೋನ್ಯೂಟನ್ ಬಲ, ಅಂದರೆ ಆರು ಟನ್ನಿಗೆ ಹತ್ತಿರದ ಭಾರ. ಅಷ್ಟೇ ಬಲ ಸಿಲಿಂಡರುಗಳ ಮುಚ್ಚಳವಾದ ಹೆಡ್ಡನ್ನು ಮೇಲಕ್ಕೆ ಎತ್ತುತ್ತದೆ, ಕ್ರ್ಯಾಂಕ್‌ಶಾಫ್ಟಿನ ಮೂಲಕ, ಅದನ್ನು ಬ್ಲಾಕಿಗೆ ಹಿಡಿದಿಡುವ ಮೇನ್ ಕ್ಯಾಪ್‌ಗಳನ್ನು ಕೆಳಕ್ಕೆ ದೂಡುತ್ತದೆ. ನಡುವೆ ಇರುವ ಬ್ಲಾಕ್ ಎರಡೂ ಕಡೆಗೆ ಜಗ್ಗಿಸಿಕೊಳ್ಳುತ್ತ, ಅದೇ ಹೊತ್ತಿಗೆ ಒಳಗಿನಿಂದ ಉಬ್ಬಿಸಿಕೊಳ್ಳುತ್ತ, ಕನೆಕ್ಟಿಂಗ್ ರಾಡಿನ ಓರೆಯಿಂದಾಗಿ ಒಂದು ಪಕ್ಕಕ್ಕೆ ಒತ್ತಿಸಿಕೊಳ್ಳುತ್ತ ನಿಂತಿರಬೇಕು. ಶಕ್ತಿಯ ಹೊಡೆತದಲ್ಲಿ ಪಿಸ್ಟನ್ ಒರಗುವ ಈ ಪಕ್ಕಕ್ಕೆ ಥ್ರಸ್ಟ್ ಬದಿ ಎನ್ನುತ್ತಾರೆ. ಎದುರಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುವ ಎಂಜಿನ್ನಿನಲ್ಲಿ ಅದು ನೋಡುವವರ ಎಡಕ್ಕೆ ಇರುತ್ತದೆ. ಗೋಡೆ ತೆಳುವಾಗಿದ್ದರೆ ಅದು ಅಲ್ಲಿ ಬಾಗಿ, ರಿಂಗಿನ ಬಿಗಿ ಮುಚ್ಚಿಕೆಯನ್ನು ಸಡಿಲಿಸಿ, ಕೊನೆಗೆ ಉದ್ದಕ್ಕೆ ಸೀಳುತ್ತದೆ.

ಗೋಡೆಯ ದಪ್ಪವನ್ನು ಕಣ್ಣಿನಿಂದ ಹೇಳಲಾಗದು, ಏಕೆಂದರೆ ಅದರ ಹಿಂಬದಿ ನೀರಿನ ಜಾಕೆಟ್ಟಿನೊಳಗಿದೆ. ಎರಕ ಹೊಯ್ಯುವಾಗ ಮರಳಿನ ತಿರುಳಚ್ಚು ಒಂದೆರಡು ಮಿ.ಮೀ. ಸರಿದಿದ್ದರೆ ಅದೇ ಸಿಲಿಂಡರಿನ ಒಂದು ಬದಿ ದಪ್ಪವಾಗಿಯೂ ಇನ್ನೊಂದು ಬದಿ ತೆಳುವಾಗಿಯೂ ಇರುತ್ತದೆ. ಯಂತ್ರದಲ್ಲಿ ಕೊರೆದ ರಂಧ್ರಗಳ ಸುತ್ತ ಇರುವ ಎರಕದ ಉಂಗುರ ಒಂದೆಡೆ ಅಗಲ, ಇನ್ನೊಂದೆಡೆ ಕಿರಿದಾಗಿದ್ದರೆ ತಿರುಳಚ್ಚು ಸರಿದಿರುವ ಅನುಮಾನ ಪಡಬೇಕು. ಖಚಿತವಾಗಿ ತಿಳಿಯಲು ಅಲ್ಟ್ರಾಸಾನಿಕ್ ದಪ್ಪಮಾಪಕವೇ ಬೇಕು. ಪ್ರತಿ ಸಿಲಿಂಡರಿನಲ್ಲಿ ಮೇಲೆ, ನಡುವೆ, ಕೆಳಗೆ ಎಂದು ಮೂರು ಎತ್ತರಗಳಲ್ಲಿ, ಒಂದೊಂದು ಎತ್ತರದಲ್ಲಿ ನಾಲ್ಕು ದಿಕ್ಕಿನಲ್ಲಿ ಅಳೆಯಿಸಿ, ನಾಲ್ಕು ಸಿಲಿಂಡರಿಗೆ 48 ಅಂಕೆಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಬೀಡು ಕಬ್ಬಿಣದಲ್ಲಿ ಧ್ವನಿಯ ವೇಗ ಅದರೊಳಗಿನ ಗ್ರಾಫೈಟ್ ರಚನೆಗೆ ತಕ್ಕಂತೆ ಬದಲಾಗುವುದರಿಂದ, ಅದೇ ಬ್ಲಾಕಿನಲ್ಲಿ ಕ್ಯಾಲಿಪರ್ ತಲುಪುವ ಒಂದು ಗೋಡೆಯನ್ನು ಮೊದಲು ಅಳೆದು ಮಾಪಕವನ್ನು ಅದಕ್ಕೆ ಹೊಂದಿಸಬೇಕು. ಉಕ್ಕಿನ ತುಂಡಿಗೆ ಹೊಂದಿಸಿದ ಮಾಪಕವನ್ನು ಹಾಗೆಯೇ ಬೀಡಿಗೆ ಹಿಡಿದರೆ ಅಂಕೆ ನಿಜಕ್ಕಿಂತ ದಪ್ಪ ತೋರಿಸುತ್ತದೆ. ಹೆಚ್ಚಿನ ಶಕ್ತಿಯ ಎಂಜಿನ್ ಕಟ್ಟುವವರಲ್ಲಿ ಅನೇಕರು ಬೋರ್ ಕೊರೆದ ಮೇಲೂ ಥ್ರಸ್ಟ್ ಬದಿಯಲ್ಲಿ ಸುಮಾರು 5 ಮಿ.ಮೀ., ಉಳಿದೆಡೆ 3.5 ಮಿ.ಮೀ.ಗೆ ಕಡಿಮೆಯಾಗದಂತೆ ಗೋಡೆ ಉಳಿಯಬೇಕೆಂದು ಬಯಸುತ್ತಾರೆ. ಸರಾಸರಿಯನ್ನು ನೋಡಬೇಡಿ, 48ರಲ್ಲಿ ಅತಿ ಚಿಕ್ಕ ಅಂಕೆ ಯಾವುದು, ಅದು ಎಲ್ಲಿದೆ ಎಂಬುದನ್ನು ನೋಡಿ. ಈ ಪರೀಕ್ಷೆಯಿಂದ ಇನ್ನೊಂದು ಗುಟ್ಟೂ ಹೊರಬೀಳುತ್ತದೆ: ಕೂಲೆಂಟ್ ಇಲ್ಲದೆ ಬರಿಯ ನೀರಿನಲ್ಲಿ ವರ್ಷಗಟ್ಟಲೆ ಓಡಿದ ಎಂಜಿನ್ನಿನ ಗೋಡೆಯನ್ನು ತುಕ್ಕು ಹಿಂಬದಿಯಿಂದ ತಿಂದಿರುತ್ತದೆ, ಬೋರಿನ ಕಡೆಯಿಂದ ನೋಡಿದವರಿಗೆ ಅದು ಕಾಣುವುದೇ ಇಲ್ಲ.

ಎರಡನೆಯ ಎಂಜಿನ್ ಇನ್ನೂ ಓಡುತ್ತಿರುವುದು ನಿಮ್ಮ ಭಾಗ್ಯ, ಏಕೆಂದರೆ ಬಿಚ್ಚುವ ಮೊದಲೇ ಅದರಿಂದ ಸಾಕ್ಷ್ಯ ಪಡೆಯಬಹುದು. ಕೂಲೆಂಟಿನಲ್ಲಿ ಎಣ್ಣೆಯ ಪದರ, ಎಣ್ಣೆಯಲ್ಲಿ ಹಾಲಿನಂಥ ನೊರೆ, ಬಿಸಿಯಾದಾಗ ರೇಡಿಯೇಟರಿನಲ್ಲಿ ನಿಲ್ಲದ ಗುಳ್ಳೆ ಇವೆಯೇ ನೋಡಿ. ಇವುಗಳಿಗೆ ಕಾರಣ ಗ್ಯಾಸ್ಕೆಟ್ ಇರಬಹುದು, ಬಿರುಕೂ ಇರಬಹುದು. ಕಂಪ್ರೆಷನ್ ಪರೀಕ್ಷೆಯಲ್ಲಿ ನಾಲ್ಕೂ ಸಿಲಿಂಡರ್ ಒಂದೇ ಸಮ ಕುಗ್ಗಿದ್ದರೆ ಅದು ವಯಸ್ಸು. ಒಂದೇ ಸಿಲಿಂಡರ್ ಕುಸಿದಿದ್ದರೆ ಅದಕ್ಕೊಂದು ಕತೆಯಿದೆ, ಅದನ್ನು ತಿಳಿಯದೆ ಹಣ ಕೊಡಬೇಡಿ. ಬಿಚ್ಚಿದ ಮೇಲೆ ಬೋರಿನ ಮೇಲಂಚಿನಲ್ಲಿ, ರಿಂಗ್ ತಲುಪದ ಜಾಗದಲ್ಲಿ, ಉಗುರು ತಾಗುವ ಮೆಟ್ಟಿಲು ಇದ್ದೇ ಇರುತ್ತದೆ. ಬೋರ್ ಗೇಜಿನಲ್ಲಿ ಮೇಲೆ ಕೆಳಗೆ, ಅಡ್ಡ ಉದ್ದ ಅಳೆದು ಸವೆತ 0.2 ಮಿ.ಮೀ. ಒಳಗಿದ್ದರೆ ಮೊದಲ ಅಥವಾ ಎರಡನೆಯ ಓವರ್‌ಸೈಜಿನಲ್ಲೇ (ದೊಡ್ಡ ಪಿಸ್ಟನ್ನಿಗೆ ತಕ್ಕ ಕೊರೆತದ ಅಳತೆಯಲ್ಲೇ) ಗೋಡೆ ನೇರವಾಗುವ ಸಂಭವ ಹೆಚ್ಚು.

ಬಣ್ಣ ಬಳಿದ ಮೊದಲನೆಯ ಬ್ಲಾಕ್ ಕುರಿತು ಇನ್ನೊಂದು ಮಾತು. ತೊಳೆದಿಡುವುದು ಒಳ್ಳೆಯ ಅಭ್ಯಾಸವೇ. ಬಣ್ಣ ಬಳಿಯುವುದಕ್ಕೆ ಮಾತ್ರ ಮಾರುವವರ ಬಳಿ ಕಾರಣ ಕೇಳಬೇಕಾಗುತ್ತದೆ. ನೀರು ಹೆಪ್ಪುಗಟ್ಟಿದಾಗ ಬ್ಲಾಕಿನ ಪಕ್ಕದಲ್ಲಿ ಉದ್ದಕ್ಕೆ ಬಿಡುವ ಬಿರುಕು, ಎಪಾಕ್ಸಿ ಮೆತ್ತಿದ ತೇಪೆ, ರಾಡ್ ಒಡೆದುಬಂದು ತೂತಾದಲ್ಲಿ ಹಾಕಿದ ಬೆಸುಗೆ, ಇವೆಲ್ಲ ಒಂದು ಕೋಟ್ ಬಣ್ಣದಡಿ ಅಡಗುತ್ತವೆ. ಬಣ್ಣ ತೆಗೆಸಿ ಕಾಂತೀಯ ಕಣ ಪರೀಕ್ಷೆಗೆ ಒಪ್ಪದವರಿಂದ ಬ್ಲಾಕ್ ಕೊಳ್ಳದಿರುವುದೇ ಲೇಸು. ಈ ಪರೀಕ್ಷೆಯಲ್ಲಿ ಕಬ್ಬಿಣವನ್ನು ಕಾಂತೀಯಗೊಳಿಸಿ ಮೇಲೆ ಕಬ್ಬಿಣದ ನುಣ್ಪುಡಿ ಹರಡಿದಾಗ ಬಿರುಕಿನ ಉದ್ದಕ್ಕೂ ಪುಡಿ ಗೆರೆಗಟ್ಟುತ್ತದೆ. ಹೆಡ್ ಬೋಲ್ಟ್ ರಂಧ್ರಗಳ ಸುತ್ತ, ಎರಡು ಸಿಲಿಂಡರುಗಳ ನಡುವಿನ ಕಿರಿದಾದ ಸೇತುವೆಯಲ್ಲಿ, ಮೇನ್ ಬೇರಿಂಗಿನ ಗೋಡೆಗಳಲ್ಲಿ ವಿಶೇಷವಾಗಿ ನೋಡಿಸಿ. ನೀರಿನ ಜಾಕೆಟ್ಟನ್ನು ಮುಚ್ಚಿ ಗಾಳಿಯ ಒತ್ತಡ ಕೊಟ್ಟು ನೋಡುವ ಪರೀಕ್ಷೆ ಇದಕ್ಕೆ ಪೂರಕ, ಬದಲಿಯಲ್ಲ.

ಹೆಡ್ ಕೂರುವ ಡೆಕ್ ಮೇಲ್ಮೈಯನ್ನು ಹಿಂದೆ ಎಷ್ಟು ಹೆರೆಸಿದ್ದಾರೆಂಬುದೂ ಮುಖ್ಯ. ನಿಮ್ಮ ಅಳತೆಯ ಎಂಜಿನ್ನಿನಲ್ಲಿ ಕಂಪ್ರೆಷನ್ ಅನುಪಾತ (ಪಿಸ್ಟನ್ ಕೆಳಗಿದ್ದಾಗ ಸಿಲಿಂಡರಿನಲ್ಲಿರುವ ಜಾಗ ಮೇಲಿದ್ದಾಗಿನದರ ಎಷ್ಟು ಪಟ್ಟು ಎಂಬ ಲೆಕ್ಕ) 10 ಇದ್ದರೆ, ಡೆಕ್ಕನ್ನು 0.25 ಮಿ.ಮೀ. ಹೆರೆದಾಗ ಅದು ಸುಮಾರು 10.24 ಆಗುತ್ತದೆ. ಟರ್ಬೊಗಾಗಿ ಅನುಪಾತ ಇಳಿಸಲು ಹೊರಟವರಿಗೆ ಇದು ಎದುರು ಗಾಳಿ. ಸ್ಟ್ರೈಟ್‌ಎಡ್ಜ್ ಇಟ್ಟು ಫೀಲರ್ ಗೇಜಿನಿಂದ ನೋಡಿದರೆ ಡೊಂಕು ಮಾತ್ರ ತಿಳಿಯುತ್ತದೆ. ಎಷ್ಟು ಲೋಹ ಹೋಗಿದೆ ಎಂದು ತಿಳಿಯಲು ಮೇನ್ ಬೇರಿಂಗಿನ ಮಧ್ಯರೇಖೆಯಿಂದ ಡೆಕ್ಕಿನವರೆಗಿನ ಎತ್ತರವನ್ನು ಅಳೆದು ತಯಾರಕರ ಕೈಪಿಡಿಯ ಅಳತೆಗೆ ಹೋಲಿಸಬೇಕು.

ಮೂರನೆಯ ಬ್ಲಾಕಿನ ವಿಷಯದಲ್ಲಿ ಕೇಳಬೇಕಾದುದು ಒಂದೇ: ತಿರುಗಿದ್ದು ರಾಡ್ ಬೇರಿಂಗೋ, ಮೇನ್ ಬೇರಿಂಗೋ? ರಾಡ್ ಬೇರಿಂಗ್ ಆಗಿದ್ದರೆ ಪೆಟ್ಟು ಬಿದ್ದಿರುವುದು ಕ್ರ್ಯಾಂಕ್ ಮತ್ತು ರಾಡಿಗೆ. ಎಣ್ಣೆಯ ದಾರಿಗಳ ಪ್ಲಗ್ ತೆಗೆದು ಲೋಹದ ಚೂರುಗಳನ್ನು ಬ್ರಷ್ಷಿನಿಂದ ತೊಳೆಸಿದರೆ ಬ್ಲಾಕ್ ನಿರ್ದೋಷಿಯಾಗಿ ಉಳಿದಿರಬಹುದು. ಮೇನ್ ಬೇರಿಂಗ್ ಆಗಿದ್ದರೆ ಅದರ ಗೂಡು ಕಾದು ನೀಲಿಯಾಗಿರುತ್ತದೆ, ಅಳತೆ ಕೆಟ್ಟಿರುತ್ತದೆ. ಕ್ಯಾಪ್‌ಗಳ ತಳವನ್ನು ತುಸು ಹೆರೆದು ಗೂಡುಗಳನ್ನೆಲ್ಲ ಒಂದೇ ಸಾಲಿಗೆ ಹೋನ್ ಮಾಡಿ (ಸಾಣೆಕಲ್ಲಿನಿಂದ ನಯವಾಗಿ ಉಜ್ಜಿ) ಸರಿಪಡಿಸಬಹುದು, ಆದರೆ ಹಾಗೆ ಮಾಡಿದಾಗ ಕ್ರ್ಯಾಂಕ್ ಕೂದಲೆಳೆಯಷ್ಟು ಮೇಲಕ್ಕೆ ಸರಿದು ಟೈಮಿಂಗ್ ಚೈನ್ ಸಡಿಲವಾಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಈ ಕೆಲಸವನ್ನು ಮೈಮೇಲೆ ಎಳೆದುಕೊಳ್ಳಬೇಡಿ. ಯಾವ ಬ್ಲಾಕನ್ನೇ ಆಗಲಿ ಅದರದೇ ಮೇನ್ ಕ್ಯಾಪ್‌ಗಳಿಲ್ಲದೆ ಕೊಳ್ಳಬೇಡಿ; ಅವನ್ನು ಬ್ಲಾಕಿಗೆ ಬಿಗಿದ ಸ್ಥಿತಿಯಲ್ಲೇ ಕೊರೆದಿರುವುದರಿಂದ ಬೇರೆ ಬ್ಲಾಕಿನ ಕ್ಯಾಪ್ ಕಣ್ಣಿಗೆ ಹೊಂದಿದರೂ ಅಳತೆಗೆ ಹೊಂದದು.

ಪ್ರಶ್ನೆ: ಸಾವಿರಾರು ಕಿಲೋಮೀಟರ್ ಓಡಿ ‘ಪಳಗಿದ’ ಬ್ಲಾಕ್ ಹೊಸ ಬ್ಲಾಕಿಗಿಂತ ಗಟ್ಟಿ ಎನ್ನುತ್ತಾರೆ. ಫಾರ್ಮುಲಾ ಒನ್ ಪಂದ್ಯಕ್ಕೆ ಬಿಎಂಡಬ್ಲ್ಯು ಹಳೆಯ ಬ್ಲಾಕ್‌ಗಳನ್ನೇ ಬಳಸಿತ್ತೆಂಬುದು ನಿಜವೇ?

ಉತ್ತರ: ಬಿಎಂಡಬ್ಲ್ಯುವಿನ ಎಂ12/13 ಎಂಬ 1.5 ಲೀಟರ್ ಟರ್ಬೊ ಎಂಜಿನ್, ರಸ್ತೆಯ ಕಾರುಗಳ ಎಂ10 ಎಂಜಿನ್ನಿನ ಬೀಡಿನ ಬ್ಲಾಕನ್ನು ಆಧರಿಸಿತ್ತು, ಮತ್ತು ಅದನ್ನು ಹೊತ್ತ ಬ್ರಭಾಮ್ ಕಾರಿನಲ್ಲಿ ನೆಲ್ಸನ್ ಪಿಕೆ 1983ರಲ್ಲಿ ವಿಶ್ವ ಚಾಂಪಿಯನ್ ಆದರು. ಬಹಳ ಓಡಿದ ಬ್ಲಾಕ್‌ಗಳನ್ನು ಆರಿಸಿಕೊಂಡರೆಂಬ ಮಾತು ಆ ಎಂಜಿನ್ನಿನ ಬಗ್ಗೆ ಇಂದಿಗೂ ಪ್ರಚಲಿತವಾಗಿದೆ. ಆ ಮಾತನ್ನು ಹಿಡಿದುಕೊಂಡು ಕಿಲೋಮೀಟರ್ ಲೆಕ್ಕದ ಮೇಲೆ ಬ್ಲಾಕ್ ಕೊಳ್ಳುವುದಕ್ಕೆ ನನ್ನ ಆಕ್ಷೇಪವಿದೆ. ಎರಕದ ಒಳಗೆ ಉಳಿದಿರುವ ಬಿಗುವನ್ನು ಕಾಯಿಸಿ ಸಡಿಲಿಸಲು 500 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ತಾಪ ಬೇಕು. ಕೂಲೆಂಟ್ ಸುತ್ತುವರಿದ ಬ್ಲಾಕ್ ಆ ತಾಪದ ಹತ್ತಿರಕ್ಕೂ ಹೋಗುವುದಿಲ್ಲ. ಓಡಿದ ಬ್ಲಾಕಿನ ನಿಜವಾದ ಅನುಕೂಲ ಬೇರೆಯಿದೆ. ಎರಕದ ದೋಷವಿದ್ದರೆ ಅದು ಈಗಾಗಲೇ ಸೋರಿಕೆಯಾಗಿಯೋ ಬಿರುಕಾಗಿಯೋ ಹೊರಬಿದ್ದಿರುತ್ತದೆ, ತಿರುಚಿಕೊಳ್ಳುವಷ್ಟು ತಿರುಚಿಕೊಂಡೂ ಆಗಿರುತ್ತದೆ. ಅಂಥದ್ದನ್ನು ಈಗ ನೇರವಾಗಿ ಕೊರೆದರೆ ನೇರವಾಗಿಯೇ ಉಳಿಯುವ ಭರವಸೆ ಹೆಚ್ಚು. ಅತಿಯಾಗಿ ಕಾದು ಒಮ್ಮೆ ಸೀಜ್ ಆದ ಬ್ಲಾಕನ್ನೂ ‘ಪಳಗಿದ್ದು’ ಎಂದೇ ಮಾರುವವರಿದ್ದಾರೆ, ಎಚ್ಚರ.

ಪ್ರಶ್ನೆ: ‘ಫೋರ್ ಬೋಲ್ಟ್ ಮೇನ್’ (ಮೇನ್ ಕ್ಯಾಪಿಗೆ ನಾಲ್ಕು ಬೋಲ್ಟ್ ಇರುವ) ಬ್ಲಾಕನ್ನೇ ಹುಡುಕಬೇಕೆ? ಬ್ಲಾಕಿನ ಮೇಲೆ ಮೂಡಿರುವ ಎರಕದ ಸಂಖ್ಯೆಯಿಂದ ಅದನ್ನು ಗುರುತಿಸಬಹುದೇ?

ಉತ್ತರ: ಎರಕದ ಸಂಖ್ಯೆ ಬ್ಲಾಕಿನ ಕುಲವನ್ನು ಹೇಳುತ್ತದೆ, ಪೂರ್ಣ ಜಾತಕವನ್ನಲ್ಲ. 1967ರಲ್ಲಿ ಬಂದ ಷೆವ್ರೊಲೆ 350 ವಿ8 ಎಂಜಿನ್ನಿನ 3970010 ಎಂಬ ಹೆಸರುವಾಸಿ ಎರಕವನ್ನೇ ನೋಡಿ. ಒಂದೇ ಸಂಖ್ಯೆಯ ಕೆಳಗೆ ಎರಡು ಬೋಲ್ಟಿನ ಕ್ಯಾಪ್ ಇರುವವೂ ನಾಲ್ಕು ಬೋಲ್ಟಿನವೂ ಸಿಗುತ್ತವೆ. ಎಣ್ಣೆಯ ಸಂಪ್ ಕಳಚಿ ನೋಡದೆ ಯಾವುದೆಂದು ತಿಳಿಯುವಂತಿಲ್ಲ. ನಾಲ್ಕು ಬೋಲ್ಟಿನದರಲ್ಲೂ ಐದು ಕ್ಯಾಪ್‌ಗಳ ಪೈಕಿ ನಡುವಿನ ಮೂರಕ್ಕೆ ಮಾತ್ರ ನಾಲ್ಕು ಬೋಲ್ಟ್ ಇರುತ್ತವೆ.

ಹುಡುಕಬೇಕೆ ಎಂಬುದಕ್ಕೆ ಉತ್ತರ ನಿಮ್ಮ ಗುರಿಯ ಮೇಲೆ, ಅದರಲ್ಲೂ ಎಷ್ಟು ವೇಗವಾಗಿ ತಿರುಗಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ಪಿಸ್ಟನ್ ಮತ್ತು ರಾಡುಗಳ ಜಡತ್ವದ ಬಲ ತಿರುಗುವಿಕೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ. 6000 ಆರ್‌ಪಿಎಂನಿಂದ 7500ಕ್ಕೆ ಹೋದರೆ ಅದು 1.56 ಪಟ್ಟಾಗುತ್ತದೆ. ಸಾಧಾರಣ ಶಕ್ತಿಯ ಎಂಜಿನ್ನಿಗೆ ಎರಡು ಬೋಲ್ಟಿನ ಬ್ಲಾಕಿನಲ್ಲಿ ಒಳ್ಳೆಯ ಸ್ಟಡ್‌ಗಳನ್ನು ಹಾಕಿ ಗೂಡುಗಳನ್ನು ಮರಳಿ ಹೋನ್ ಮಾಡಿಸಿದರೆ ಸಾಕು. ಅಲ್ಲದೆ ಕ್ಯಾಪ್ ಎಷ್ಟೇ ಗಟ್ಟಿಯಿದ್ದರೂ ಅದು ಕಚ್ಚಿಕೊಂಡಿರುವ ಗೋಡೆ ದುರ್ಬಲವಾಗಿದ್ದರೆ ಪ್ರಯೋಜನವಿಲ್ಲ. ಫೋರ್ಡ್‌ನ 302 ವಿ8 ಇದಕ್ಕೆ ಉದಾಹರಣೆ: ಸುಮಾರು 500 ಅಶ್ವಶಕ್ತಿಯ ಆಸುಪಾಸಿನಲ್ಲಿ ಅದರ ಸಾಮಾನ್ಯ ಬ್ಲಾಕ್ ಮೇನ್ ಬೇರಿಂಗಿನ ಗೋಡೆಗಳಲ್ಲೇ ಸೀಳುತ್ತದೆ ಎಂಬುದು ಅದನ್ನು ಕಟ್ಟುವವರೆಲ್ಲರ ಅನುಭವ. ಅಲ್ಲಿ ಕ್ಯಾಪ್ ಬದಲಿಸುವುದು ಗೋಡೆ ಬಿರಿದ ಮನೆಗೆ ಹೊಸ ಬಾಗಿಲು ಹಾಕಿದಂತೆ.

ಪ್ರಶ್ನೆ: ಅಲ್ಯೂಮಿನಿಯಂ ಬ್ಲಾಕ್ ಆಗಿದ್ದರೆ ಇದೇ ಪರೀಕ್ಷೆಗಳು ಸಾಕೆ?

ಉತ್ತರ: ಸಾಲದು, ಕೆಲವು ಬೇರೆಯೇ ಆಗುತ್ತವೆ. ಕಾಂತೀಯ ಕಣ ಪರೀಕ್ಷೆ ಅಲ್ಯೂಮಿನಿಯಂ ಮೇಲೆ ನಡೆಯದು. ಬಿರುಕಿನೊಳಗೆ ಇಳಿಯುವ ಬಣ್ಣದ್ರವದ ಪರೀಕ್ಷೆ ಮಾಡಿಸಬೇಕು. ಬೀಡಿನ ಬ್ಲಾಕ್ ತೊಳೆಯುವ ಬಿಸಿ ಕಾಸ್ಟಿಕ್ ತೊಟ್ಟಿಗೆ ಇದನ್ನು ಇಳಿಸಿದರೆ ಲೋಹವನ್ನೇ ತಿಂದುಹಾಕುತ್ತದೆ, ಆದ್ದರಿಂದ ತೊಳೆಯಲು ಕೊಡುವಾಗಲೇ ಸ್ಪಷ್ಟವಾಗಿ ಹೇಳಿ.

ಬೋರಿನ ಒಳಮೈ ಏನೆಂದು ತಿಳಿಯುವುದು ಮೊದಲ ಕೆಲಸ. ಬೀಡಿನ ಲೈನರ್ ಇದ್ದರೆ ಅದರ ದಪ್ಪಕ್ಕೆ ತಕ್ಕಂತೆ ಕೊರೆಯಬಹುದು. ನಿಕಾಸಿಲ್ ಲೇಪನವಿದ್ದರೆ ಅದು ನಿಕಲ್ಲಿನಲ್ಲಿ ಸಿಲಿಕಾನ್ ಕಾರ್ಬೈಡ್ ಹುದುಗಿರುವ ತೆಳು ಪದರ. ಒಮ್ಮೆ ಕಿತ್ತರೆ ಪದರವನ್ನೆಲ್ಲ ತೆಗೆದು ಮತ್ತೆ ಲೇಪಿಸಬೇಕು, ಇಲ್ಲವೇ ಲೈನರ್ ಕೂರಿಸಬೇಕು. ಅಲುಸಿಲ್ ಬಗೆಯ ಬ್ಲಾಕಿನಲ್ಲಿ ಲೈನರೇ ಇರುವುದಿಲ್ಲ. ಹೆಚ್ಚು ಸಿಲಿಕಾನ್ ಇರುವ ಮಿಶ್ರಲೋಹದ ಗೋಡೆಯಲ್ಲಿ ಗಡಸು ಸಿಲಿಕಾನ್ ಹರಳುಗಳು ಮೇಲೆದ್ದು ನಿಲ್ಲುವಂತೆ ಹದಮಾಡಿರುತ್ತಾರೆ. ಆ ಹದ ತಿಳಿಯದವರ ಕೈಗೆ ಹೋನಿಂಗ್ ಕೊಟ್ಟರೆ ಬ್ಲಾಕ್ ಗುಜರಿಗೆ.

ಡೆಕ್ಕಿನ ರಚನೆಯನ್ನೂ ನೋಡಬೇಕು. ಹೊಂಡಾ ಬಿ ಸರಣಿಯಂಥ ಓಪನ್ ಡೆಕ್ ಬ್ಲಾಕಿನಲ್ಲಿ ಸಿಲಿಂಡರುಗಳ ತಲೆ ಸುತ್ತಣ ಗೋಡೆಗೆ ಅಂಟದೆ ನೀರಿನ ನಡುವೆ ನಿಂತಿರುತ್ತದೆ. ತಂಪಾಗಲು ಅದು ಒಳ್ಳೆಯದು. ಒತ್ತಡ ಏರಿದಾಗ ಮಾತ್ರ ತಲೆ ಅಲುಗಾಡಿ ಹೆಡ್ ಗ್ಯಾಸ್ಕೆಟ್ ಸೋಲುತ್ತದೆ. ಟೊಯೊಟಾ 2ಜೆಝಡ್‌ನಂಥ ಬೀಡಿನ ಕ್ಲೋಸ್ಡ್ ಡೆಕ್ ಬ್ಲಾಕ್ ಟರ್ಬೊ ಕಟ್ಟುವವರ ಮೆಚ್ಚಿನದಾಗಲು ಇದೂ ಒಂದು ಕಾರಣ. ಓಪನ್ ಡೆಕ್ ಬ್ಲಾಕಿನಲ್ಲಿ ಹೆಚ್ಚಿನ ಟರ್ಬೊ ಒತ್ತಡ ಬೇಕಿದ್ದರೆ ಮೇಲಂಚು ಒಂದಕ್ಕೊಂದು ಆನಿಕೊಳ್ಳುವ ದಪ್ಪ ಲೈನರುಗಳ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಹಾಗೆ ಮಾಡುವುದಾದರೆ ಬೋರ್ ಕೆಟ್ಟಿರುವ ಬ್ಲಾಕೂ ನಡೆಯುತ್ತದೆ. ಆಗ ಹೆಡ್ ಬೋಲ್ಟುಗಳ ಎಳೆ, ಡೆಕ್ ಮತ್ತು ಮೇನ್ ಗೂಡುಗಳು ಸರಿಯಿದ್ದರೆ ಸಾಕು. ಅತಿಯಾಗಿ ಕಾದ ಅಲ್ಯೂಮಿನಿಯಂ ಮೆದುವಾಗಿ ಬೋಲ್ಟಿನ ಎಳೆಯನ್ನು ಬಿಟ್ಟುಕೊಡುವುದರಿಂದ ಡೆಕ್ಕಿನ ಗಡಸುತನವನ್ನೂ ಅಳೆಯಿಸಿ.

ಪ್ರಶ್ನೆ: ಬ್ಲಾಕ್ ಕೊಂಡಾಯಿತು. ಮೊದಲು ಪಿಸ್ಟನ್ ತರಿಸಲೋ, ಬೋರ್ ಕೊರೆಸಲೋ?

ಉತ್ತರ: ಮೊದಲು ಅಳತೆ, ಆಮೇಲೆ ಪಿಸ್ಟನ್, ಆಮೇಲೆ ಬೋರಿಂಗ್. ಅತಿ ಸವೆದ ಸಿಲಿಂಡರ್ ಯಾವ ಓವರ್‌ಸೈಜಿನಲ್ಲಿ ನೇರವಾಗುತ್ತದೆಂದು ಗೊತ್ತಾಗದೆ ಪಿಸ್ಟನ್ ತರಿಸಿದರೆ ಅವು ಕಪಾಟಿನಲ್ಲಿ ಕೂರುತ್ತವೆ. ಪಿಸ್ಟನ್ ಕೈಗೆ ಬರುವ ಮೊದಲೇ ಕೊನೆಯ ಅಳತೆಗೆ ಕೊರೆಸಿದರೆ ಅಂತರ ತಪ್ಪುತ್ತದೆ. 2618 ಮಿಶ್ರಲೋಹದ ಫೋರ್ಜ್ಡ್ ಪಿಸ್ಟನ್, 4032 ಮಿಶ್ರಲೋಹದ್ದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಗೋಡೆಯಿಂದ ಹೆಚ್ಚು ಅಂತರ ಬೇಡುತ್ತದೆ. ಪಿಸ್ಟನ್ ತಯಾರಕರ ಚೀಟಿಯಲ್ಲಿ ಆ ಅಂಕೆಯೂ ಪಿಸ್ಟನ್ನನ್ನು ಯಾವ ಎತ್ತರದಲ್ಲಿ ಅಳೆಯಬೇಕೆಂಬುದೂ ಇರುತ್ತವೆ. ಚೀಟಿಯನ್ನೂ ಪಿಸ್ಟನ್‌ಗಳನ್ನೂ ಬ್ಲಾಕಿನ ಜೊತೆಗೇ ಮೆಷಿನ್ ಶಾಪಿಗೆ ಕೊಡಿ.

ಹೋನಿಂಗ್ ಮಾಡುವಾಗ ಹೆಡ್ಡಿನ ಬದಲು ದಪ್ಪ ಲೋಹದ ಟಾರ್ಕ್ ಪ್ಲೇಟನ್ನು, ನೀವು ಕೊನೆಗೆ ಬಳಸುವ ಬೋಲ್ಟ್ ಅಥವಾ ಸ್ಟಡ್‌ಗಳಿಂದಲೇ, ಅದೇ ಬಿಗಿತಕ್ಕೆ ಬಿಗಿಸಿರಬೇಕು. ಹೆಡ್ ಬಿಗಿದಾಗ ಬೋರಿನ ಮೇಲ್ಭಾಗ ತುಸು ಆಕಾರಗೆಡುತ್ತದೆ. ಆ ಸ್ಥಿತಿಯಲ್ಲೇ ದುಂಡಗೆ ಮಾಡಿದರೆ ಎಂಜಿನ್ ಕಟ್ಟಿದ ಮೇಲೂ ದುಂಡಗಿರುತ್ತದೆ. ಮೇನ್ ಕ್ಯಾಪ್‌ಗಳನ್ನೂ ಆಗ ಬಿಗಿದಿರಬೇಕು. ಮೇನ್ ಗೂಡುಗಳ ಸಾಲು ಹೋನಿಂಗ್ ಬೇಕಿದ್ದರೆ ಅದು ಡೆಕ್ ಹೆರೆಯುವ ಮೊದಲೇ ಆಗಬೇಕು, ಏಕೆಂದರೆ ಡೆಕ್ಕಿನ ಎತ್ತರವನ್ನು ಅಳೆಯುವುದು ಆ ಮಧ್ಯರೇಖೆಯಿಂದಲೇ.